ಸಂತೋಷಕೂಟಕ್ಕೆ ಹೋಗದವರು

ಒಗ್ಗಟ್ಟು ಬೆಳೆಸುತ್ತೇನೆಂದು ಯಾರಾದರೂ ಹಗ್ಗ ಹಿಡಿದುಕೊಂಡು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ದುಡಿಯುವ ಜನರನ್ನು ಎರಡು ಪಾಲು ಮಾಡಿ, ಹಗ್ಗದ ಒಂದೊಂದು ತುದಿ ಕೈಗೆ ಕೊಟ್ಟು, ಎಳೀರಿ ಎಂದು ಸೀಟಿ ಊದಿ, ಆಮೇಲೆ "ನಾವೆಲ್ಲ ಒಂದೇ ಕುಟುಂಬ" ಎಂದು ಭಾಷಣ ಮಾಡುವವರಿಗೆ ಏನು ಹೇಳಬೇಕು? ಮದ್ದೂರಿನ ಒಂದು ಅಕ್ಕಿ ಗಿರಣಿಯಲ್ಲಿ ನಾನು ಆ ಸಂಭ್ರಮವನ್ನು ಕಣ್ಣಾರೆ ನೋಡಿದವಳು. ಮರುವರ್ಷ ಅದಕ್ಕೆ ಬೆನ್ನು ತಿರುಗಿಸಿ ಹೋದವರಲ್ಲಿ ಒಬ್ಬಳು. ಮೊದಲನೆಯವಳು ಎಂದರೂ ತಪ್ಪಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನ್ನ ತವರು ಹೊಳಲು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದಿದ್ದೆ. ಯಾಕೆಂದು ಕೇಳಿದವರಿಗೆಲ್ಲ "ಅಲ್ಲಿ ಹಿಟ್ಟಿತ್ತು, ಮಾತಿರಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹೊಳಲಿನ ಗದ್ದೆಯೆಲ್ಲ ಅಣ್ಣಂದಿರದು. ಅತ್ತಿಗೆಯರ ಮುಖ ನೋಡಿಕೊಂಡು ಮೂಲೆಯಲ್ಲಿ ಕೂರುವ ಬಾಳು ನನಗೆ ಒಗ್ಗಲಿಲ್ಲ. ಮದ್ದೂರಿನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದೆ. ಲೋವರ್ ಸೆಕೆಂಡರಿವರೆಗೆ ಓದಿದ್ದೆ. ಗಿರಣಿಯ ಕಣದಲ್ಲಿ ದುಡಿಯುವ ಹೆಂಗಸರ ಹಾಜರಿ ಬರೆಯಲು ಅಕ್ಷರ ಬಲ್ಲ ಹೆಂಗಸೊಬ್ಬಳು ಬೇಕೆಂದು ಯಜಮಾನರು ಹುಡುಕುತ್ತಿದ್ದರು, ನಾನು ಸಿಕ್ಕಿದೆ. ಎಲ್ಲರೂ ನನ್ನನ್ನು 'ರೈಟ್ರಮ್ಮ' ಎಂದು ಕರೆಯತೊಡಗಿದರು. ಅಷ್ಟು ಚಿಕ್ಕ ವಯಸ್ಸಿಗೇ ಅಮ್ಮ ಅನ್ನಿಸಿಕೊಳ್ಳುವುದು ಮೊದಮೊದಲು ಕಸಿವಿಸಿಯಾಯಿತು. ಆಮೇಲೆ ಸ್ವಲ್ಪ ಜಂಬವೂ ಬಂತೆನ್ನಿ.

ಗಿರಣಿಯಲ್ಲಿ ಮೂರು ಗುಂಪು. ಇಂಜಿನ್ ಮನೆಯವರು ಎಣ್ಣೆ ಮೆತ್ತಿದ ಅಂಗಿಯವರು. ಇಂಜಿನ್ ತಮ್ಮ ಮಾತು ಮಾತ್ರ ಕೇಳುತ್ತದೆ ಎಂಬ ಗತ್ತು. ಮೂಟೆ ಹೊರುವ ಹಮಾಲರು ಬೆನ್ನಿನ ಬಲದವರು. ನಾವು ಹೊರದಿದ್ದರೆ ಇಂಜಿನ್ ಗಾಳಿ ಅರೆಯಬೇಕಾಗುತ್ತದೆ ಎನ್ನುವವರು. ಮೂರನೆಯವರು ಕಣದ ಹೆಂಗಸರು. ಕುಸುಬಲಕ್ಕಿಗಾಗಿ ಬೇಯಿಸಿದ ಭತ್ತವನ್ನು ಬಿಸಿಬಿಸಿಯಾಗಿ ಕಣಕ್ಕೆ ಸುರಿಯುತ್ತಿದ್ದರು. ಅದನ್ನು ಹರಡಿ, ಕಾಲಲ್ಲಿ ಕೆದಕಿ, ಒಣಗಿಸಿ, ಬಾಚಿ ಕೊಡುವುದು ಇವರ ಕೆಲಸ. ಇವರಿಗೆ ಗತ್ತು ತೋರಿಸಲು ಪುರುಸೊತ್ತಿರಲಿಲ್ಲ.

ಯಜಮಾನರ ಮಗ ಬೆಂಗಳೂರಿನಲ್ಲಿ ಓದಿ ಬಂದರು. ಅವರನ್ನು ಚಿಕ್ಕ ಯಜಮಾನರು ಎನ್ನುತ್ತಿದ್ದೆವು. ಕೆಟ್ಟವರೆಂದು ಹೇಳಲಾರೆ, ಆದರೆ ಎಲ್ಲೋ ಕೇಳಿದ್ದನ್ನೆಲ್ಲ ನಮ್ಮ ಮೇಲೆ ಪರೀಕ್ಷೆ ಮಾಡುವ ಚಟ. ಬಂದ ವರ್ಷವೇ ಕೆಲಸಗಾರರಲ್ಲಿ ಒಗ್ಗಟ್ಟು ಬೆಳೆಯಬೇಕೆಂದು ವಾರ್ಷಿಕ ಸಂತೋಷಕೂಟ ಏರ್ಪಡಿಸಿದರು. ಗಿರಣಿಯ ಹಿಂದಿನ ಬಯಲಿನಲ್ಲಿ ಶಾಮಿಯಾನ, ಕುರ್ಚಿ, ಅತಿಥಿಯಾಗಿ ತಾಲ್ಲೂಕಿನ ಅಮಲ್ದಾರರು. ಚಿಕ್ಕ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು "ಕೈ ಕೆಸರಾದರೆ ಬಾಯಿ ಮೊಸರು" ಎಂದು ಭಾಷಣ ಶುರುಮಾಡಿದರು. ಕಣದ ಹೆಂಗಸರು ನಿಂತುಕೊಂಡು ಚಪ್ಪಾಳೆ ತಟ್ಟಬೇಕು, ಊಟವಾದ ಮೇಲೆ ಪಾತ್ರೆ ತೊಳೆಯಬೇಕು. ನಮ್ಮ ಪಾಲಿನ ಸಂತೋಷ ಅಷ್ಟೇ.

ಆಮೇಲೆ ಹಗ್ಗ ಬಂತು. ಒಂದು ಕಡೆ ಹಮಾಲರು, ಇನ್ನೊಂದು ಕಡೆ ಇಂಜಿನ್ ಮನೆಯವರು. ದಿನವೆಲ್ಲ ಮೂಟೆ ಹೊರುವವರ ಎದುರು ಎಣ್ಣೆಡಬ್ಬಿ ಹಿಡಿಯುವವರು ನಿಂತಾರೆಯೇ? ಹಮಾಲರು ಅವರನ್ನು ನೆಲದ ಮೇಲೆ ಎಳೆದುಕೊಂಡು ಹೋದರು. ಹಮಾಲರು ಹಿಂದಿನ ದಿನವೇ ಬಂದು ಹಿಮ್ಮಡಿ ಊರಲು ಗುಳಿ ತೋಡಿಟ್ಟಿದ್ದರೆಂದು ಇಂಜಿನ್ ಮೇಸ್ತ್ರಿ ಕೂಗಾಡಿದ. ಹಮಾಲರ ಮೇಸ್ತ್ರಿ ಅವನ ಅಂಗಿ ಹಿಡಿದ. ಅಮಲ್ದಾರರು ಪಾಯಸ ಕುಡಿಯದೆ ಎದ್ದು ಹೋದರು. ಗೆದ್ದವರು ಆ ಹಗ್ಗವನ್ನು ತಮ್ಮ ಜಗುಲಿಯ ಮೇಲೆ, ಇಂಜಿನ್ ಮನೆಯವರು ದಿನಾ ಓಡಾಡುವ ದಾರಿಯಲ್ಲೇ, ಎತ್ತರಕ್ಕೆ ನೇತುಹಾಕಿದರು.

ಅಲ್ಲಿಂದ ಶುರುವಾಯಿತು ನೋಡಿ. ಹಮಾಲರು ಮೂಟೆಯನ್ನು ಯಂತ್ರದ ಬಾಯಿವರೆಗೆ ತಾರದೆ ಬಾಗಿಲಲ್ಲೇ ಕೆಡವಿ ಹೋಗುವರು. ಇಂಜಿನ್ ಮನೆಯವರು ಯಂತ್ರ ತಿರುಗಿಸುವ ಪಟ್ಟಿ ಜಾರಿತು ಎಂದು ಇಂಜಿನ್ ನಿಲ್ಲಿಸಿ ಬೀಡಿ ಸೇದುವರು. ಕೋಣ ಎರಡು ಹೋರಾಡಲು ಗಿಡಕ್ಕೆ ಮೃತ್ಯು. ಇವರ ಜಗಳದಲ್ಲಿ ಒಣಗಿದ ಭತ್ತ ಕಣದಲ್ಲೇ ಉಳಿದು, ಸಂಜೆ ಮೋಡ ಕವಿದರೆ ಓಡಿ ಓಡಿ ಬಾಚಿ ರಾಶಿ ಹಾಕಿ ಮುಚ್ಚುವ ಕರ್ಮ ಹೆಂಗಸರದ್ದು. ಒಂದು ವರ್ಷ ಪೂರ್ತಿ ಹೀಗೇ ನಡೆಯಿತು. ಚಿಕ್ಕ ಯಜಮಾನರ ತಲೆಗೆ ಹೊಳೆದ ಔಷಧಿ ಏನು ಗೊತ್ತೆ? ಇನ್ನೂ ದೊಡ್ಡ ಸಂತೋಷಕೂಟ.

ಈ ಸಲ ಶಿವನಸಮುದ್ರಕ್ಕೆ ಪ್ರಯಾಣ. ಮಳವಳ್ಳಿ ಮೇಲೆ ಹೋಗಿ ಜಲಪಾತ ನೋಡಿ, ಅಲ್ಲೇ ಊಟ ಮಾಡಿ, ಆಟವಾಡಿ ಬರುವುದು. ಪೆಟ್ರೋಲಿಗೆ ರೇಷನ್ ಇದ್ದುದರಿಂದ ಇದ್ದಿಲು ಉರಿಸಿ ಓಡುವ ಬಸ್ಸು ಗೊತ್ತುಮಾಡಿದರು. ಮೈಸೂರಿನಿಂದ ಫೋಟೋದವನು ಬರುವವನಿದ್ದ. ಆಷಾಢದ ಒಂದು ಭಾನುವಾರ ನಿಗದಿಯಾಯಿತು.

ಅದೇ ಭಾನುವಾರದ ಮೇಲೆ ಇನ್ನೊಬ್ಬಳ ಬದುಕು ನಿಂತಿತ್ತು.

ಕಣದಲ್ಲಿ ಹಲಗೂರಕ್ಕ ಎಂಬವಳಿದ್ದಳು. ತವರು ಹಲಗೂರಾದ್ದರಿಂದ ಆ ಹೆಸರು. ಕೊಟ್ಟ ಊರು ಮಳವಳ್ಳಿ ರಸ್ತೆಯಲ್ಲಿ, ಮದ್ದೂರಿನಿಂದ ನಡೆದು ಬರುವಷ್ಟು ದೂರ. ಗಂಡ ತೀರಿಕೊಂಡು ವರ್ಷವಾಗಿತ್ತು. ನಾಲೆ ನೀರು ಹರಿಯುವ ಗದ್ದೆ ಅವಳ ಪಾಲಿಗಿತ್ತು, ಅದರ ಮೇಲೆ ಮೈದುನನ ಕಣ್ಣಿತ್ತು. ಅವನು ಊರಿನ ಯಜಮಾನರನ್ನೆಲ್ಲ ಕೂಡಿಸಿ ನ್ಯಾಯ ಮಾಡಿಸಿದ್ದ: ಈ ಸಲ ಎಲ್ಲರ ಗದ್ದೆ ಹಸಿರಾಗುವ ಹೊತ್ತಿಗೆ ಅವಳದ್ದೂ ನಾಟಿಯಾದರೆ ಭೂಮಿ ಅವಳದ್ದು, ಬೀಳು ಬಿದ್ದರೆ ಉಳುವವನು ಮೈದುನ. ಮಾತು ನ್ಯಾಯವಾಗಿಯೇ ಕೇಳಿಸುತ್ತದೆ ಅಲ್ಲವೇ? ಆದರೆ ನಾಟಿ ಒಂಟಿ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮ ಕಡೆ ಅದಕ್ಕೆ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಾನು ನಿನ್ನ ಗದ್ದೆಗೆ ಬರುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬಂದು ಮುಯ್ಯಿ ತೀರಿಸಬೇಕು. ಇದರಲ್ಲಿ ಕೂಲಿಯ ಮಾತಿಲ್ಲ. ಹಲಗೂರಕ್ಕ ದಿನಾ ಗಿರಣಿಗೆ ಹೋಗುವವಳು, ನಮ್ಮ ಮುಯ್ಯಿ ಯಾವಾಗ ತೀರಿಸುತ್ತಾಳೆ ಎಂದು ಮೈದುನ ಮನೆಮನೆಗೆ ಹೇಳಿಕೊಂಡು ಬಂದಿದ್ದ. ಊರಿನ ಒಬ್ಬ ಹೆಂಗಸೂ ಅವಳ ಗದ್ದೆಗೆ ಇಳಿಯಲಿಲ್ಲ. ಅವಳ ತಮ್ಮ ಹಲಗೂರಿನಿಂದ ಎತ್ತು ಹೊಡೆದುಕೊಂಡು ಬಂದು ಉತ್ತು ಕೊಟ್ಟು ಹೋಗಿದ್ದ. ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಪೈರು ಬಲಿಯುತ್ತಿತ್ತು. ಇನ್ನು ಒಂದು ವಾರ ತಡೆದರೆ ಕಿತ್ತು ನೆಟ್ಟರೂ ಅದು ತೆಂಡೆ ಒಡೆಯುವುದಿಲ್ಲ, ಬುಡದಿಂದ ಮರಿ ಬರುವುದಿಲ್ಲ.

ಗಿರಣಿಗೆ ಭಾನುವಾರ ಒಂದೇ ರಜೆ. ನಾನು ಚಿಕ್ಕ ಯಜಮಾನರ ಮುಂದೆ ಹೋಗಿ ನಿಂತೆ.

"ಬುದ್ಧಿ, ಭಾನುವಾರ ಹೆಂಗಸರಿಗೆ ಏನು ಏರ್ಪಾಡು?"

"ಬಸ್ಸಿನಲ್ಲಿ ಅವರಿಗೆ ಜಾಗವಿಲ್ಲ. ಬೆಳಿಗ್ಗೆ ಬಂದು ಅಡಿಗೆಗೆ ಕೈಹಾಕಲಿ, ಫೋಟೋಕ್ಕೆ ನಿಲ್ಲಲಿ. ಒಬ್ಬೊಬ್ಬರಿಗೆ ಒಂದು ರವಿಕೆ ಬಟ್ಟೆ ಕೊಟ್ಟು ಕಳಿಸೋಣ."

"ಒಗ್ಗಟ್ಟು ಬೇಕು ಅಂತೀರಲ್ಲ ಬುದ್ಧಿ, ಬಸ್ಸು ಬ್ಯಾಡ. ಹಲಗೂರಕ್ಕನ ಗದ್ದೆ ನಾಟಿಗೆ ನಿಂತೈತೆ. ಗಿರಣಿಯೋರೆಲ್ಲ ಒಂದು ದಿವ್ಸ ಅಲ್ಲಿಗೆ ಹೋಗಾನ. ಊಟ ಅಲ್ಲೇ ಮಾಡಾನ. ನೀವೂ ಬನ್ನಿ."

ಅವರು ನಕ್ಕರು. ಪಕ್ಕದಲ್ಲಿದ್ದ ಗುಮಾಸ್ತರೂ ನಕ್ಕರು. "ಕೆಸರಲ್ಲಿ ಬೀಳೋದು ಸಂತೋಷಕೂಟವೇನಮ್ಮ?" ಎಂದರು ಚಿಕ್ಕ ಯಜಮಾನರು.

"ಕೈ ಕೆಸರಾದರೆ ಅಂತ ಹೋದ ವರ್ಷ ನೀವೇ ಭಾಷಣ ಮಾಡಿದ್ರಿ" ಎಂದೆ.

ಅವರ ಮುಖ ಕೆಂಪಾಯಿತು. "ಕೇಳು. ಭಾನುವಾರ ಬೆಳಿಗ್ಗೆ ಎಲ್ಲರೂ ಗಿರಣಿಯಲ್ಲಿರಬೇಕು. ಬರದವರು ಸೋಮವಾರ ಕೆಲಸಕ್ಕೂ ಬರೋದು ಬೇಡ. ಹೋಗಿ ಎಲ್ಲರಿಗೂ ಹೇಳು."

ಹೇಳಿದೆ, ಒಂದಕ್ಷರವನ್ನೂ ಬಿಡದೆ ಹೇಳಿದೆ. ಜೊತೆಗೆ, "ನಾನಂತೂ ಗದ್ದೆಗೆ ಓಯ್ತೀನಿ" ಎಂಬುದನ್ನೂ ಸೇರಿಸಿದೆ. ಕಾಲಲ್ಲಿ ಭತ್ತ ಕೆದಕುತ್ತಲೇ ಒಬ್ಬ ಮುದುಕಿ, "ರವಕೆ ಬಟ್ಟೆ ಯಾವ ಬಣ್ಣವಂತೆ?" ಎಂದಳು. ಗೊತ್ತಿಲ್ಲ ಎಂದೆ. "ಯಾವ್ದಾದ್ರೂ ಆಗ್ಲಿ ಬುಡು, ಕೆಸರಾದ್ರೆ ಎಲ್ಲ ಒಂದೇ ಬಣ್ಣ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಹಲಗೂರಕ್ಕ ಮಾತ್ರ ನಗಲಿಲ್ಲ. ನನ್ನನ್ನು ಬೇಲಿ ಮರೆಗೆ ಕರೆದು, "ಬಿಟ್ಟಿ ಆಳು ನಂಗ್ ಬ್ಯಾಡ ಕಣವ್ವ" ಎಂದಳು. "ಅಯ್ಯೋ ಪಾಪ ಅಂತ ಬರೋರು ಅಲ್ಲೇ ಇರ್ಲಿ. ಮುಯ್ಯಾಳು ಅಂತ ಬತ್ತೀರಾ, ಬನ್ನಿ. ಒಬ್ಬೊಬ್ರುದೂ ತೀರುಸ್ತೀನಿ."

"ನಂಗೆ ಗದ್ದೆ ಇಲ್ವಲ್ಲಕ್ಕ, ನನ್ನದು ಹೆಂಗೆ ತೀರುಸ್ತೀಯಾ?"

"ಗದ್ದೆ ಇಲ್ದಿದ್ರೆ ಏನಾಯ್ತು, ಕಷ್ಟ ಇಲ್ವಾ? ಅದು ಎಲ್ರುಗೂ ಐತೆ. ಬಂದಾಗ ತೀರುಸ್ತೀನಿ."

ಹೆಂಗಸರು ಒಪ್ಪಿದರು. ಆದರೆ ಉತ್ತ ಗದ್ದೆಯನ್ನು ನಾಟಿಗೆ ಮುಂಚೆ ಹಲಗೆ ಎಳೆದು ಮಟ್ಟ ಮಾಡಬೇಕು, ಪೈರು ಹೊರಬೇಕು. ಅದಕ್ಕೆ ಗಂಡಸರ ರಟ್ಟೆ ಬೇಕು. ಹಮಾಲರ ಮೇಸ್ತ್ರಿಯ ಹತ್ತಿರ ಹೋದೆ. "ಇಂಜಿನೋರು ಬಂದ್ರೆ ನಾವು ಬರಾಕಿಲ್ಲ" ಎಂದ. ಇಂಜಿನ್ ಮೇಸ್ತ್ರಿಯ ಹತ್ತಿರ ಹೋದೆ. "ಅಮಾಲ್ರು ಇರೋ ಕಡೆ ನಾವು ಕಾಲಿಕ್ಕಾಕಿಲ್ಲ" ಎಂದ. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ. "ಬರಬ್ಯಾಡಿ. ಅವರು ಬಂದು ಗದ್ದೆ ಮಾಡಿ ಮುಗಿಸ್ತಾರೆ. ನಾಳೆ ಮದ್ದೂರು ಸಂತೆಯಲ್ಲಿ ಯಾರು ಮೀಸೆ ತಿರುವುತಾರೆ ಅಂತ ನೀವೇ ನೋಡೀರಂತೆ." ನನ್ನ ಕೆಲಸ ಅಷ್ಟೇ ಆಗಿತ್ತು. ಒಳ್ಳೆಯತನದಿಂದ ಬರಲಿ ಎಂದು ಕಾದಿದ್ದರೆ ಆ ಪೈರು ಒಟ್ಲಿನಲ್ಲೇ ತೆನೆ ಬಿಡುತ್ತಿತ್ತು. ಹೊಟ್ಟೆಕಿಚ್ಚೂ ಒಂದು ಬಲವೇ, ಉಪಯೋಗಿಸಲು ಗೊತ್ತಿರಬೇಕು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವು ಹೆಂಗಸರು ಒಟ್ಲಿಗೆ ಇಳಿದು ಪೈರು ಕೀಳುತ್ತಿದ್ದೆವು. ಹಮಾಲರು ಬಂದರು. ಅವರ ಬೆನ್ನಿಗೇ ಇಂಜಿನ್ ಮನೆಯವರೂ ಬಂದರು, ದಾರಿಯ ಈ ಅಂಚಿಗೆ ಇವರು, ಆ ಅಂಚಿಗೆ ಅವರು. ಹಲಗೂರಕ್ಕ ಒಬ್ಬೊಬ್ಬರ ಮುಂದೆಯೂ ನಿಂತು, "ಮುಯ್ಯಾಳಾಗಿ ಬಂದ್ಯಾ?" ಎಂದು ಕೇಳಿದಳು. ಹೌದು ಎಂದವರನ್ನೇ ಗದ್ದೆಗೆ ಬಿಟ್ಟಳು.

ಎಳೆಯುವುದಕ್ಕೆ ಎತ್ತಿಲ್ಲ. ಹಲಗೂರಕ್ಕನ ತಮ್ಮ ತನ್ನವನ್ನು ಹೊಡೆದುಕೊಂಡು ಹೋಗಿದ್ದ, ಊರವರು ಕೊಡುವುದಿಲ್ಲ. ಹಲಗೆ ಬಿದ್ದಿತ್ತು, ಕಟ್ಟುವುದಕ್ಕೆ ಗಟ್ಟಿ ಹಗ್ಗವಿರಲಿಲ್ಲ. ಹಮಾಲರ ಮೇಸ್ತ್ರಿ ಸುಮ್ಮನೆ ಹೆಗಲಿನಿಂದ ಒಂದು ಸುರುಳಿ ಇಳಿಸಿದ. ಅದೇ ಹಗ್ಗ, ಹೋದ ವರ್ಷ ಗೆದ್ದದ್ದು. ಇಂಜಿನ್ ಮನೆಯವರನ್ನು ಹಂಗಿಸಲೆಂದೇ ಹೊತ್ತು ತಂದಿದ್ದನೆಂದು ನನಗೆ ಈಗಲೂ ಅನುಮಾನ. ಹಲಗೆಗೆ ಕಟ್ಟಿ ಹಮಾಲರು ಎಳೆದರು. ಮೂಟೆ ಹೊತ್ತ ಕಾಲುಗಳು ಕೆಸರಿನಲ್ಲಿ ಮೊಳಕಾಲವರೆಗೆ ಹೂತವು, ಹಲಗೆ ಅಲ್ಲಾಡಲಿಲ್ಲ. ಇಂಜಿನ್ ಮೇಸ್ತ್ರಿ ಬದುವಿನ ಮೇಲೆ ನಿಂತು ಚೆನ್ನಾಗಿ ನೋಡಿದ. ಒಂದು ಮಾತು ಆಡಲೇಬೇಕಿತ್ತು, ಆಡಿದ.

"ಯಾಕ್ಲಾ, ಇಲ್ಲಿ ಗುಳಿ ತೋಡ್ಕಂಡಿರ್ನಿಲ್ವಾ?"

ಹಮಾಲರ ಮೇಸ್ತ್ರಿ ಅವನ ಕಡೆ ತಿರುಗಿದ. ಇನ್ನೇನು ಹೊಡೆದಾಟವಾಯಿತು ಎಂದು ನಾನು ಪೈರು ಬಿಟ್ಟು ಎದ್ದೆ. ಅವನು ಕೆಸರು ಕೈಯಲ್ಲೇ ಮುಖ ಒರೆಸಿಕೊಂಡು, "ಬಾಯಿ ಮುಚ್ಕಂಡು ಬಂದು ಇಡ್ಕಳಲೇ" ಎಂದ. ಇಂಜಿನ್ ಮೇಸ್ತ್ರಿ ಇಳಿದ. ಅವನ ಹಿಂದೆ ಅವನ ಕಡೆಯವರೆಲ್ಲ ಇಳಿದರು. ಹೋದ ವರ್ಷ ಆಚೆ ಈಚೆ ನಿಂತು ಜಗ್ಗಿದವರು ಈಗ ಹಗ್ಗದ ಒಂದೇ ಕಡೆ ನಿಂತಿದ್ದರು. ಹಲಗೆ ಕೆಸರು ತಳ್ಳಿಕೊಂಡು ಹೊರಟಿತು.

ಹೊತ್ತೇರಿದ ಮೇಲೆ ಚಿಕ್ಕ ಯಜಮಾನರ ಬಸ್ಸು ಹೊಗೆ ಕಾರುತ್ತ ಮಳವಳ್ಳಿ ರಸ್ತೆಯಲ್ಲಿ ಬಂತು. ಒಳಗೆ ಅವರು, ಗುಮಾಸ್ತರು, ಫೋಟೋದವನು, ಅಡಿಗೆಯ ಹಂಡೆ. ಮಿಕ್ಕ ಸೀಟೆಲ್ಲ ಖಾಲಿ. ನಾವು ಬಗ್ಗಿದ್ದವರು ಎದ್ದು ನಿಂತು ಕೈಬೀಸಿದೆವು. ಬಸ್ಸು ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೈದುನ ಬಂದ. ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು, "ಗಿರಣಿ ಜನ ನೆಟ್ಟ ಪೈರು ಬೇರು ಬುಡ್ತದಾ ನೋಡಾನ" ಎಂದ. ನಾಟಿಯ ದಿನ ಕೆಲಸ ಮಾಡದೆ ಬದುವಿನ ಮೇಲೆ ಸುಮ್ಮನೆ ನಿಂತವರಿಗೆ ಹೆಂಗಸರು ಕೆಸರು ಎರಚಬಹುದು, ಅದಕ್ಕೆ ಯಾರೂ ಕೋಪಿಸಿಕೊಳ್ಳುವಂತಿಲ್ಲ. ಬಿಳಿ ಪಂಚೆಯುಟ್ಟು ಬಂದಿದ್ದ ಮೈದುನ ಅದನ್ನು ಮರೆತುಬಿಟ್ಟಿದ್ದ. ಮೊದಲ ಹಿಡಿ ಯಾರು ಎಸೆದರೆಂದು ಹೇಳುವುದಿಲ್ಲ. ಎರಡನೆಯದು ನಾನೇ. ಆಮೇಲೆ ನಾಲ್ಕೂ ಕಡೆಯಿಂದ ಬಿತ್ತು. ಹಲಗೂರಕ್ಕ ಮಾತ್ರ ಎಸೆಯಲಿಲ್ಲ. ನಾಟಿ ಹಾಕುತ್ತಲೇ ಇದ್ದಳು, ಹಿಂದೆ ಹಿಂದೆ ಸರಿಯುತ್ತ ಅವನ ಕಾಲಿನ ಹತ್ತಿರದವರೆಗೆ ಬಂದು, ತಲೆಯೆತ್ತದೆ, "ಸ್ವಲ್ಪ ಸರ್ಕಂಡು ನಿಂತ್ಕಳಪ್ಪ, ಇದು ನನ್ ಬದ" ಎಂದಳು. ಅವನು ಸರಿದ.

ಮುದ್ದೆ, ಉಪ್ಸಾರು ಬದುವಿನ ಮೇಲೆ ಉಂಡೆವು. ಕೈ ತೊಳೆಯಲು ನಾಲೆಗೆ ಹೋಗುವಾಗ ಇಂಜಿನ್ ಮೇಸ್ತ್ರಿ ಹಮಾಲರ ಮೇಸ್ತ್ರಿಗೆ ಒಂದು ಬೀಡಿ ಕೊಟ್ಟದ್ದನ್ನು ನೋಡಿದೆ. ಹೊತ್ತು ಮುಳುಗುವ ಮೊದಲು ಗದ್ದೆಯ ಕೊನೆಯ ಮೂಲೆಗೂ ಪೈರು ಬಿತ್ತು. ಹಲಗೂರಕ್ಕ ಬದುವಿನ ಮೇಲೆ ಕೂತು ಆ ಕಡೆಯಿಂದ ಈ ಕಡೆವರೆಗೆ ಒಂದು ಸಲ ನೋಡಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾವು ಯಾರೂ ಸಮಾಧಾನ ಹೇಳಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಗಿರಣಿಗೆ ಹೋದರೆ ಬಾಗಿಲ ಕಾವಲಿನವನು ಎಲ್ಲರನ್ನೂ ಒಳಗೆ ಬಿಟ್ಟು ನನಗೆ ಮಾತ್ರ ಕೋಲು ಅಡ್ಡ ಹಿಡಿದ. "ನಿಮ್ಮನ್ನ ಬುಡಬ್ಯಾಡ ಅಂದವ್ರೆ ರೈಟ್ರಮ್ಮ" ಎಂದ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಚಿಕ್ಕ ಯಜಮಾನರ ಲೆಕ್ಕ ನನಗೆ ಅರ್ಥವಾಯಿತು. ಎಲ್ಲರನ್ನೂ ಕಳಿಸಿದರೆ ಗಿರಣಿ ಮುಚ್ಚಬೇಕು. ಒಬ್ಬಳನ್ನು ಕಳಿಸಿದರೆ ಮಿಕ್ಕವರು ಬಾಲ ಮುದುರಿಕೊಂಡಿರುತ್ತಾರೆ.

ಧೈರ್ಯವಾಗಿ ನಿಂತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮತ್ತೆ ಹೊಳಲಿನ ಮೂಲೆ, ಮತ್ತೆ ಅತ್ತಿಗೆಯರ ಮುಖ ಕಣ್ಣಿಗೆ ಬಂತು. ತಿರುಗಿ ನಾಲ್ಕು ಹೆಜ್ಜೆ ಇಟ್ಟೆ. ಹಿಂದಿನಿಂದ ಬಂದು ಯಾರೋ ಕೈ ಹಿಡಿದರು. ಹಲಗೂರಕ್ಕ. ನನ್ನನ್ನು ಎಳೆದುಕೊಂಡು ಹೋಗಿ ಗಿರಣಿ ಬಾಗಿಲ ನಡುಮಧ್ಯೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಕಣದಿಂದ ಒಬ್ಬೊಬ್ಬರೇ ಹೆಂಗಸರು ಬಂದರು. ಹಮಾಲರು ಮೂಟೆ ಇಳಿಸಿ ಬಂದರು. ಇಂಜಿನ್ ಇನ್ನೂ ದಡಬಡ ಎನ್ನುತ್ತಿತ್ತು. ಆಮೇಲೆ ಅದರ ಸದ್ದು ನಿಧಾನವಾಯಿತು, ಬಿಕ್ಕಿತು, ನಿಂತಿತು. ಹಗಲು ಹೊತ್ತಿನಲ್ಲಿ ಆ ಬೀದಿ ಅಷ್ಟು ಸುಮ್ಮನಿದ್ದುದನ್ನು ನಾನು ಮೊದಲ ಸಲ ಕೇಳಿದೆ. ಕಣದಲ್ಲಿ ಬೆಂದ ಭತ್ತ ರಾಶಿ ಬಿದ್ದು ಹಬೆಯಾಡುತ್ತಿತ್ತು. ಹರಡದಿದ್ದರೆ ಮಧ್ಯಾಹ್ನಕ್ಕೆ ಹುಳಿ ವಾಸನೆ ಹೊಡೆಯುತ್ತದೆ.

ಚಿಕ್ಕ ಯಜಮಾನರು ಓಡಿ ಬಂದರು. "ಏನಿದು? ಮುಷ್ಕರವಾ?"

"ಅದೇನೋ ನಂಗೊತ್ತಿಲ್ಲ ಬುದ್ಧಿ" ಎಂದಳು ಹಲಗೂರಕ್ಕ. "ನಾನು ಮುಯ್ಯಿ ತೀರುಸ್ತಾ ಇವ್ನಿ. ನೆನ್ನೆ ಇವ್ಳು ನನ್ ಗದ್ದೇಲಿ ಬಗ್ಗಿದ್ಲು. ಇವ್ಳಿಗೆ ಗದ್ದೆ ಇಲ್ಲ. ಇವತ್ತು ಇವ್ಳಿಗೆ ಕಷ್ಟ ಬಂದೈತೆ, ಬಂದು ಕುಂತಿವ್ನಿ. ಬಾಕಿ ಮಡೀಕಳೋ ಅಭ್ಯಾಸ ನಂಗಿಲ್ಲ."

ಅವರು ಇಂಜಿನ್ ಮೇಸ್ತ್ರಿಯ ಕಡೆ ತಿರುಗಿದರು. "ನಿನಗೇನಾಯ್ತೋ? ನೀನ್ಯಾವ ಮುಯ್ಯಿ ತೀರಿಸ್ತಿದ್ದೀಯಾ?"

ಅವನು ತಲೆ ಕೆರೆದುಕೊಂಡ. "ಅಮಾಲ್ರು ಕುಂತವ್ರೆ ಬುದ್ಧಿ. ಈಗ ನಾವು ಎದ್ರೆ ಅವ್ರು ಗೆದ್ದಂಗಾಯ್ತದೆ."

ಹಮಾಲರ ಮೇಸ್ತ್ರಿ ನಗುತ್ತ ಅವನ ಬೆನ್ನ ಮೇಲೆ ಒಂದು ಗುದ್ದು ಹಾಕಿದ. ನಕ್ಕವನು ಅವನೊಬ್ಬನೇ ಅಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದೊಡ್ಡ ಯಜಮಾನರು ಬಂದರು. ಮಗನನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ನೇರವಾಗಿ ಕಣಕ್ಕೆ ಹೋಗಿ ರಾಶಿಯೊಳಗೆ ಕೈ ತೂರಿಸಿ ಒಂದು ಹಿಡಿ ಭತ್ತ ತೆಗೆದು ಮೂಸಿದರು. ವಾಪಸ್ಸು ಬಂದು ನನ್ನ ಮುಂದೆ ನಿಂತು, "ಭತ್ತ ಇನ್ನೂ ಕೆಟ್ಟಿಲ್ಲ. ಒಳಕ್ಕೆ ಬಾರವ್ವ" ಎಂದರು.

ಕಾವಲಿನವನು ಕೋಲು ತೆಗೆದ. ಎಲ್ಲರೂ ಎದ್ದರು. ಹಲಗೂರಕ್ಕ ಸೀರೆಯ ಧೂಳು ಕೊಡವಿಕೊಂಡು, "ನಿನ್ ಮುಯ್ಯಿ ತೀರ್ತು ಕಣವ್ವ. ಇನ್ನು ನಾನೂ ನೀನೂ ಸಮ" ಎಂದು ಹೇಳಿ ಕಣದ ಕಡೆ ಓಡಿದಳು.

ಸ್ವಲ್ಪ ಹೊತ್ತಿಗೆ ಚಿಕ್ಕ ಯಜಮಾನರು ಗುಮಾಸ್ತರ ಕೈಯಲ್ಲಿ ಹೇಳಿ ಕಳಿಸಿದರು: ಬಾಗಿಲಲ್ಲಿ ಕೂತವರಿಗೆಲ್ಲ ಅರ್ಧ ದಿನದ ಹಾಜರಿ ಬರೆಯಬೇಕು. ಆಗಲಿ ಎಂದೆ. ಹಾಜರಿ ಪುಸ್ತಕ ತೆಗೆದು, ಮಸಿ ಅದ್ದಿ, ನನ್ನ ಕಣದ ಹೆಂಗಸರಿಗೆಲ್ಲ ಪೂರ್ತಿ ದಿನ ಬರೆದೆ. ಆಮೇಲೆ ಹಮಾಲರ ಜಗುಲಿಗೆ ಹೋಗಿ ನೋಡಿದರೆ ಆ ಹಗ್ಗ ಅಲ್ಲಿ ನೇತಾಡುತ್ತಿರಲಿಲ್ಲ. ಎಲ್ಲಿ ಎಂದು ಕೇಳಿದೆ. "ಅಲಗೂರಕ್ಕನ ಮನೇಲಿ ಬುಟ್ಟಿವ್ನಿ. ಮುಂದಿನ ವರ್ಸಕ್ಕೂ ಬೇಕಲ್ಲ" ಎಂದ ಮೇಸ್ತ್ರಿ.